ಜೂನ್ ಎಂಟರ ಸೊಳ್ಳೆ

ನಮ್ಮೂರಿನ ತಾಯಂದಿರು ಮಗುವಿಗೆ ಜ್ವರ ಬಿಟ್ಟ ಬೆಳಿಗ್ಗೆ ಹಾಲು ಕೊಡುವ ಮೊದಲು ಬಾಯಿ ತೆರೆಸಿ ನಾಲಿಗೆ ಎತ್ತಿಸುತ್ತಾರೆ. ಮಣಿ ಅಲ್ಲಿರುತ್ತದೆ. ದಡಾರದ ಮಣಿ ಇಟ್ಟಿಗೆ ಕೆಂಪು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಮಂಗಬಾವಿನದು ಹಸಿರು, ಚಪ್ಪಟೆ. ನೆಗಡಿಯದು ನೀರಿನ ಹನಿಯಂತೆ ಬಣ್ಣವಿಲ್ಲದ್ದು. ವರ್ಷಕ್ಕೆ ನಾಲ್ಕೈದು ಬರುವುದರಿಂದ ಅದನ್ನು ಯಾರೂ ಪೋಣಿಸುವುದಿಲ್ಲ, ಮಕ್ಕಳು ಅಳಗುಳಿಮಣೆ ಆಡಲು ಇಟ್ಟುಕೊಳ್ಳುತ್ತಾರೆ. ಉಳಿದವೆಲ್ಲ ಕೊರಳಿನ ದಾರಕ್ಕೆ ಸೇರುತ್ತವೆ. ಮಗು ಹುಟ್ಟಿದ ಹನ್ನೊಂದನೆಯ ದಿನ ಅದರ ಚಿಕ್ಕಮ್ಮ ತೊಟ್ಟಿಲಿಗೆ ಒಂದು ಬರಿದಾರ ಕಟ್ಟುತ್ತಾಳೆ. ಮುಂದೆ ಬರುವ ಮಣಿಗಳೆಲ್ಲ ಆ ದಾರಕ್ಕೇ. ನನ್ನ ದಾರದಲ್ಲಿ ಹದಿನೇಳಿವೆ. ಹೆಣ್ಣು ನೋಡಲು ಹೋದಾಗ ಮಾವನವರು ಜಾತಕ ಕೇಳುವ ಮೊದಲು ಅವನ್ನು ಎಣಿಸಿದರು, ಹಸಿರು ಮಣಿಗೆ ಹೊಳಪು ಸಾಲದು ಅಂದರು, ಆದರೂ ಮಗಳನ್ನು ಕೊಟ್ಟರು.

ಇದರಲ್ಲಿ ನೇರಳೆಜ್ವರದ ಮಣಿಗೆ ಇರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಆ ಜ್ವರ ನಮ್ಮೂರಲ್ಲಿ ಮಾತ್ರ ಬರುತ್ತದೆ. ನೇರಳೆ ಹಣ್ಣಾಗುವಾಗ ಕಾಣಿಸಿಕೊಂಡು ಗಣೇಶನ ಹಬ್ಬದ ಹೊತ್ತಿಗೆ ಹೋಗುತ್ತದೆ. ಮೊದಲ ಲಕ್ಷಣವೆಂದರೆ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗುವುದು. ಆ ದಿನಗಳಲ್ಲಿ ಊರಿನ ಅರ್ಧದಷ್ಟು ಮಕ್ಕಳ ನಾಲಿಗೆ ಹೇಗೂ ಅದೇ ಬಣ್ಣದಲ್ಲಿರುತ್ತದೆ, ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲೇ ಒದ್ದೆ ಹತ್ತಿಯ ಡಬ್ಬ ಇಟ್ಟು, ಒರೆಸಿದರೆ ಹೋಗುವ ಬಣ್ಣವೋ ಹೋಗದ್ದೋ ಎಂದು ನೋಡಿಯೇ ಒಳಗೆ ಬಿಡುತ್ತೇವೆ. ಮಣಿಯಿದ್ದವರಿಗೆ ಈ ಜ್ವರ ತಿರುಗಿ ಬರುವುದಿಲ್ಲ. ಮಣಿಯಿಲ್ಲದವರಿಗೆ ಬಂದರೆ ಎದೆಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ಎಲ್ಲರಿಗೂ ಲಸಿಕೆ ಹಾಕುತ್ತಾರೆ, ಹತ್ತನೆಯ ದಿನ ನಾಲಿಗೆಯ ಕೆಳಗೆ ಸಣ್ಣದೊಂದು ನೇರಳೆ ಮಣಿ ಬರುತ್ತದೆ. ಜೂನ್ ಆರರಂದು ಮಣಿಕಟ್ಟೆಯಲ್ಲಿ ಸಭೆ. ಅಂದು ಬೆಳಿಗ್ಗೆ ಅಧ್ಯಕ್ಷರು ಒಬ್ಬೊಬ್ಬರ ಹೆಸರು ಕೂಗಿ ಮಣಿ ಇದೆಯೇ ಎಂದು ಕೇಳುತ್ತಾರೆ. ಕೇಳಿದ ಪ್ರಶ್ನೆಗೆ ಅದೇ ದಿನ ದೀಪ ಹಚ್ಚುವುದರೊಳಗೆ ಪುಸ್ತಕದಲ್ಲಿ ಉತ್ತರ ಬರೆದಾಗಬೇಕು. ಇಲ್ಲವೆಂದಾದವರು ಮರುದಿನ ಸೇತುವೆ ದಾಟಿ ಆಚೆಮನೆಗೆ ಹೋಗಿ ಹಬ್ಬದವರೆಗೆ ಅಲ್ಲೇ ಇರಬೇಕು.

ಮಣಿ ಬಂದೂ ಕಳೆದುಕೊಂಡವರು, ನುಂಗಿಕೊಂಡವರು ಪ್ರತಿವರ್ಷ ನಲವತ್ತು ಐವತ್ತು ಜನ ಇರುತ್ತಾರೆ. ಅವರಿಗಾಗಿ ನಾನಿದ್ದೇನೆ. ನಾನು ರಸಾಯನಶಾಸ್ತ್ರ ಓದಿದವನು, ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಸಭೆಯ ಬೆಳಿಗ್ಗೆ ಹತ್ತು ಗಂಟೆಗೆ, ಸತ್ತ ನೇರಳೆಜ್ವರದ ರಸವನ್ನು ಒಂದು ಹನಿಯಷ್ಟು ಎಡಗೈ ಚರ್ಮದೊಳಗೆ ಸಣ್ಣ ಸೂಜಿಯಿಂದ ಹಾಕಿ, ಸುತ್ತ ಪೆನ್ನಿನಲ್ಲಿ ಒಂದು ವೃತ್ತ ಎಳೆಯುತ್ತೇನೆ. ಮಣಿ ಬಂದಿದ್ದ ಮೈಯಾದರೆ ಸಂಜೆ ನಾಲ್ಕರ ಹೊತ್ತಿಗೆ ವೃತ್ತದೊಳಗೆ ಗುಳ್ಳೆ ಎದ್ದಿರುತ್ತದೆ. ಇಲ್ಲದಿದ್ದರೆ ಇಲ್ಲ. ನನಗಿಂತ ಹಿಂದೆ ಇದ್ದವರು ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಕಲಿತೆ.

ಒಂಬತ್ತು ವರ್ಷ ನಾನು 'ಇಲ್ಲ' ಎಂದು ಬರೆದ ಕೈ ಚೆಲುವಿಯದು. ಚೆಲುವಾಂಬ ಅಂತ ಹೆಸರು, ಹಾಗೆ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಊರಿನ ಮಣಿಗಳನ್ನೆಲ್ಲ ಪೋಣಿಸಿ ಕೊಡುವವಳು ಅವಳೇ. ಸೂಜಿಯ ಕಣ್ಣಿನಷ್ಟೂ ತೂತಿಲ್ಲದ ಮಣಿಗೆ ತೂತು ಹಾಕುವ ಕೈ ಅವಳದು, ಒಂದೂ ಒಡೆದದ್ದಿಲ್ಲ. ಅವಳ ಕೊರಳಲ್ಲಿ ಮಾತ್ರ ಬರಿದಾರ. ಹುಟ್ಟಿದಾಗಿನಿಂದ ಅವಳಿಗೆ ಒಂದು ಮಣಿಯೂ ಬಂದಿಲ್ಲ, ನೆಗಡಿಯದು ಕೂಡ. ಸಣ್ಣವಳಿದ್ದಾಗ ಕಿವಿ ಸೋರುವುದು, ಕೆಮ್ಮು, ನ್ಯುಮೋನಿಯ ಎಂದು ಆಸ್ಪತ್ರೆಯಲ್ಲೇ ಬೆಳೆದಳು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುವ ಡಾಕ್ಟರ್ ನಫೀಸಾ ಅವರು ಕೊನೆಗೆ ಕಾರಣ ಕಂಡುಹಿಡಿದರು: ಅವಳ ಮೈ ಪ್ರತಿಕಾಯಗಳನ್ನು ತಯಾರಿಸುವುದಿಲ್ಲ, ಹುಟ್ಟಿನಿಂದಲೇ ಹಾಗೆ. ಅಂದಿನಿಂದ ನಾಲ್ಕು ವಾರಕ್ಕೊಮ್ಮೆ, ಎಲ್ಲೆಲ್ಲಿಯದೋ ಸಾವಿರಾರು ಜನರ ರಕ್ತದಿಂದ ತೆಗೆದ ಪ್ರತಿಕಾಯಗಳ ಬಾಟಲಿ ಅವಳಿಗೆ ಹನಿಹನಿಯಾಗಿ ಏರುತ್ತದೆ. ಕೆಮ್ಮು ಹೋಯಿತು, ಮೈ ತುಂಬಿತು. ಆದರೆ ಬೇರೆ ಊರಿನವರ ರಕ್ತದಲ್ಲಿ ನೇರಳೆಜ್ವರದ ಪ್ರತಿಕಾಯ ಎಲ್ಲಿಂದ ಬರಬೇಕು? ಹೀಗಾಗಿ ಪ್ರತಿ ಜೂನ್ ಏಳಕ್ಕೆ ಅವಳು ಟ್ರಂಕು, ರೇಡಿಯೊ, ದಾರದ ಉಂಡೆಗಳನ್ನು ಹಿಡಿದು ಸೇತುವೆ ದಾಟುತ್ತಿದ್ದಳು. ಊರಿಗೆ ಮಣಿ ಬರುವ ಕಾಲವೂ ಅದೇ. ಕುದಿಸಿದ ಮಣಿಗಳು ಟಿಫನ್ ಕ್ಯಾರಿಯರಿನಲ್ಲಿ ಆಚೆಗೆ ಹೋಗಿ, ಪೋಣಿಸಿದ ದಾರಗಳು ಈಚೆಗೆ ಬರುತ್ತಿದ್ದವು.

ಈ ವರ್ಷ ಅವಳು ಹೋಗಲಾರೆ ಅಂದಳು. ಅವಳ ಅಕ್ಕ ನಾಗರತ್ನ ಬಸುರಿ, ಹೆರಿಗೆ ಜುಲೈ ಮೊದಲ ವಾರಕ್ಕೆ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಬರುತ್ತಿರುವ ಮಗು. ಬರಿದಾರ ಕಟ್ಟಬೇಕಾದ ಚಿಕ್ಕಮ್ಮ ಎಂದರೆ ಇರುವವಳು ಚೆಲುವಿ ಒಬ್ಬಳೇ. ಬೇರೆ ಯಾರಾದರೂ ಕಟ್ಟಲಿ ಎಂದು ಸಂಬಂಧಿಕರು ಹೇಳಿ ನೋಡಿದರು. ನಾಗರತ್ನ ಒಪ್ಪಲಿಲ್ಲ. ಚೆಲುವಿ ಬಾರದಿದ್ದರೆ ಮಗುವಿಗೆ ದಾರವೇ ಬೇಡ, ಮಣಿಗಳನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿಡುತ್ತೇನೆ ಅಂದಳಂತೆ. ದಾರವಿಲ್ಲದ ಮಗು ನಮ್ಮೂರಲ್ಲಿ ಇದುವರೆಗೆ ಇಲ್ಲ.

ಮೇ ತಿಂಗಳ ಕೊನೆಗೆ ನನ್ನ ದಾರ ಹರಿಯಿತು. ಹದಿನೇಳು ಮಣಿಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಚೆಲುವಿಯ ಅಂಗಡಿಗೆ ಹೋದೆ. ಅವಳು ಪೋಣಿಸುವಾಗ ಸುಮ್ಮನೆ ಕೂತು ಗೋಡೆಯ ಶೆಲ್ಫು ನೋಡುತ್ತಿದ್ದೆ. ಅಲ್ಲಿ ಒಂದೇ ಬಗೆಯ ಸಣ್ಣ ಬಾಟಲಿಗಳು ಸಾಲಾಗಿದ್ದವು, ತೊಳೆದರೂ ಅಂಚಿನಲ್ಲಿ ಗುಲಾಬಿ ಬಣ್ಣ ಉಳಿದಂಥವು, ಒಳಗೆ ಬಣ್ಣಬಣ್ಣದ ಬಿಡಿಮಣಿಗಳು. ಎದ್ದು ಹೋಗಿ ನೋಡಿದರೆ ಅವು ನನ್ನವೇ. ಮೈ ಕಡಿತಕ್ಕೆ ಹಚ್ಚುವ ಕ್ಯಾಲಮೈನ್ ಬಾಟಲಿಗಳು. ಆಚೆಮನೆಗೆ ಹೋದ ಮೇಲೆ ಪ್ರತಿವರ್ಷ ಅವಳಿಂದ ಒಂದು ಚೀಟಿ ಬರುತ್ತಿತ್ತು, ಸೊಳ್ಳೆ ಕಚ್ಚಿ ಕೈ ಊದಿದೆ, ಗುಲಾಬಿ ಔಷಧಿ ಕಳಿಸಿ ಅಂತ. ನಾನು ಕಳಿಸುತ್ತಿದ್ದೆ. ಹೊರಗೆ ಹೋಗುವ ಪ್ರತಿ ಬಾಟಲಿಗೂ ಹೆಸರು, ತಾರೀಕು ಬರೆದು ಚೀಟಿ ಅಂಟಿಸುವುದು ನನ್ನ ಅಭ್ಯಾಸ. ಒಂಬತ್ತು ಬಾಟಲಿ, ಒಂಬತ್ತು ಚೀಟಿ, ನನ್ನದೇ ಅಕ್ಷರ. ಮೊದಲನೆಯದರಲ್ಲಿ ಜೂನ್ ಎಂಟು. ಎರಡನೆಯದರಲ್ಲಿ ಜೂನ್ ಎಂಟು. ಒಂಬತ್ತನೆಯದನ್ನೂ ಕೈಗೆ ತೆಗೆದುಕೊಂಡು ಓದಿದೆ, ಜೂನ್ ಎಂಟು.

"ಚೆಲುವಿ, ಆ ಸೊಳ್ಳೆ ಎಲ್ಲಿ ಕಚ್ಚೋದು?" ಎಂದು ಕೇಳಿದೆ.

ಅವಳು ದಾರದಿಂದ ಕಣ್ಣೆತ್ತಲಿಲ್ಲ. "ಎಡಗೈಗೆ. ನೀವು ಪೆನ್ನಲ್ಲಿ ಸುತ್ತು ಹಾಕಿರ್ತೀರಲ್ಲ, ಅದರೊಳಗೇ."

"ಪ್ರತಿ ಸಲಾನೂ ಅಲ್ಲೇನಾ?"

"ಹೂಂ, ಅಲ್ಲೇ. ನಾನೂ ಅಂದ್ಕೊಂಡೆ, ಸುತ್ತು ಹಾಕಿ ಬಡಿಸಿಟ್ಟಿದಾರೆ, ಸೊಳ್ಳೆಗೆ ಹುಡುಕೋ ಕಷ್ಟ ಇಲ್ಲ ಅಂತ."

ವರ್ಷಕ್ಕೆ ಒಂದೇ ದಿನ, ಒಂದೇ ಕೈಗೆ, ನಾನೆಳೆದ ವೃತ್ತದೊಳಗೇ ಕಚ್ಚುವ ಸೊಳ್ಳೆಗೆ ಒಂಬತ್ತು ವರ್ಷ ಔಷಧಿ ಕಳಿಸಿದವನು ನಾನು. ತಾರೀಕು ಬರೆಯುವುದರಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲವೆಂದು ಹೆಮ್ಮೆಯಿತ್ತು. ಬರೆದದ್ದನ್ನು ಒಮ್ಮೆಯೂ ಓದಿರಲಿಲ್ಲ. ರಸದ ಪೆಟ್ಟಿಗೆಯಲ್ಲಿ ಬರುವ ಕಾಗದವನ್ನು ಅಂದು ಲ್ಯಾಬಿಗೆ ಹೋಗಿ ಬಿಡಿಸಿದೆ. ಕೊನೆಯ ಸಾಲಿನಲ್ಲಿ, ನಲವತ್ತೆಂಟು ಗಂಟೆಗಳ ಬಳಿಕ ಇನ್ನೊಮ್ಮೆ ನೋಡುವುದು, ಎಂದು ಅಚ್ಚಾಗಿತ್ತು. ಸಂಜೆ ನಾಲ್ಕಕ್ಕೇ ಉತ್ತರ ಸಿಗುವ ಊರಿನಲ್ಲಿ ಯಾರೂ ಆ ಸಾಲಿನವರೆಗೆ ಹೋಗಿರಲಿಲ್ಲ.

ಜೂನ್ ಮೊದಲ ಸೋಮವಾರ ಡಾಕ್ಟರ್ ನಫೀಸಾ ಬಂದಾಗ ಬಾಟಲಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರು ಒಂದೊಂದೇ ಚೀಟಿ ಓದಿ, ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕೂರಿಸಿ ವಿವರಿಸಿದರು. ಮೈ ಒಂದು ರೋಗವನ್ನು ನೆನಪಿಟ್ಟುಕೊಳ್ಳುವುದು ಎರಡು ದಾರಿಯಲ್ಲಿ. ರಕ್ತದ ಬಿ ಕಣಗಳ ದಾರಿ ಒಂದು. ಪ್ರತಿಕಾಯ ತಯಾರಾಗುವುದು ಅದರಿಂದ, ನಮ್ಮೂರಿನ ಮಣಿಯೂ ಸಂಜೆ ನಾಲ್ಕರ ಗುಳ್ಳೆಯೂ ಅದರದ್ದೇ. ಟಿ ಕಣಗಳದ್ದು ಇನ್ನೊಂದು ದಾರಿ. ಅವು ಪ್ರತಿಕಾಯ ಮಾಡುವುದಿಲ್ಲ, ಸೋಂಕು ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ, ಬೇರೆ ಕಣಗಳನ್ನು ಕೂಗಿ ಕರೆಯುತ್ತವೆ. ಸೂಜಿ ಚುಚ್ಚಿದ ಜಾಗಕ್ಕೆ ಅವು ಬಂದು ಸೇರಿ ಚರ್ಮ ಗಟ್ಟಿಯಾಗಲು ಎರಡು ದಿನ ಬೇಕು. ಚೆಲುವಿಯ ಮೊದಲ ದಾರಿ ಮುಚ್ಚಿದೆ, ಎರಡನೆಯದು ತೆರೆದಿರುವಂತಿದೆ, ಲಸಿಕೆ ವ್ಯರ್ಥವಾಗಿಲ್ಲ.

"ಆದರೆ ಶೇಷಗಿರಿಯವರೆ, ಈ ಕಾಯಿಲೆ ಇರೋ ಎಲ್ಲರಲ್ಲೂ ಹೀಗೆ ಅಂತ ತಿಳ್ಕೋಬೇಡಿ. ಕೆಲವರಲ್ಲಿ ಟಿ ಕಣಗಳೂ ಸೋತಿರ್ತವೆ. ಒಬ್ಬೊಬ್ಬರದೂ ನೋಡ್ಬೇಕು. ಹತ್ತು ಮಿಲಿಮೀಟರ್ ಗಟ್ಟಿಯಾಗಿ ಎದ್ದರೆ ನಾನು ಸಹಿ ಹಾಕ್ತೀನಿ. ಎದ್ದರೂ ಅವಳು ಗುಂಪಿನಲ್ಲಿ ಮಾಸ್ಕ್ ಹಾಕ್ಬೇಕು, ಜ್ವರದ ಮನೆಗೆ ಕಾಲಿಡಬಾರದು, ತಿಂಗಳ ಬಾಟಲಿ ತಪ್ಪಿಸಬಾರದು." ಹೀಗೆಂದು ಚೆಲುವಿಯ ರಕ್ತ ತೆಗೆದು, ನಗರದ ದೊಡ್ಡ ಲ್ಯಾಬಿಗೆಂದು ಮಂಜುಗಡ್ಡೆಯ ಡಬ್ಬದಲ್ಲಿ ಇಟ್ಟುಕೊಂಡರು. ಆ ವರದಿ ಬರಲು ಎರಡು ತಿಂಗಳು. ಅಷ್ಟರಲ್ಲಿ ಜುಲೈ ಮುಗಿದಿರುತ್ತದೆ. ಸಭೆಯ ಹೊತ್ತಿಗೆ ತಾವು ಇನ್ನೊಮ್ಮೆ ಬರುವುದಾಗಿ ಹೇಳಿ ಬಸ್ಸು ಹತ್ತಿದರು.

ಉಳಿದದ್ದು ಅಧ್ಯಕ್ಷ ಕೆಂಪರಾಜಯ್ಯನವರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ನಿವೃತ್ತರಾದರೂ ಸೀಟಿ ಬಿಟ್ಟಿರಲಿಲ್ಲ. ಸಭೆಗೆ ತಡವಾದರೆ ಈಗಲೂ ಊದುತ್ತಾರೆ. ನಾನೂ ಚೆಲುವಿಯೂ ಅವರ ಮನೆಗೆ ಹೋಗಿ, ಉತ್ತರ ಬರೆಯಲು ಎಂಟನೆಯ ತಾರೀಕಿನವರೆಗೆ ಸಮಯ ಕೊಡಬೇಕೆಂದು ಕೇಳಿದೆವು. ಅವರು ಕೋಪಿಸಿಕೊಳ್ಳಲಿಲ್ಲ. ತಮ್ಮ ತಂದೆ ಅಧ್ಯಕ್ಷರಾಗಿದ್ದಾಗ ಒಮ್ಮೆ ಒಬ್ಬರ ಉತ್ತರವನ್ನು ನಾಳೆಗೆಂದು ಬಿಟ್ಟಿದ್ದರು, ಆ ನಾಳೆ ಬರುವಷ್ಟರಲ್ಲಿ ಹದಿನಾಲ್ಕು ಮನೆಗೆ ಜ್ವರ ಹೊಕ್ಕಿತ್ತು, ಎಂದು ಹೇಳಿದರು. ಅದರಲ್ಲಿ ತಮ್ಮ ಮನೆಯೂ ಒಂದು ಎಂದು ಹೇಳಲಿಲ್ಲ, ಅದು ನಮಗೆ ಗೊತ್ತಿತ್ತು. ಕೇಳಿದ ದಿನವೇ ಉತ್ತರ, ಅದನ್ನು ಮುರಿಯಲು ತಮ್ಮಿಂದಾಗದು ಅಂದರು. ನಾವು ಹೊರಟೆವು.

ಚೆಲುವಿ ಬಾಗಿಲವರೆಗೆ ಬಂದವಳು ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಳು. "ಮೇಷ್ಟ್ರೆ, ಉತ್ತರ ಮುಂದಕ್ಕೆ ಹಾಕೋದು ಬೇಡ. ಸೂಜಿ ನಾಲ್ಕನೇ ತಾರೀಕೇ ಹಾಕಿಬಿಡಿ. ಪ್ರಶ್ನೆ ಆರಕ್ಕೇ ಕೇಳಿ."

ಕೆಂಪರಾಜಯ್ಯನವರು ಒಳಗೆ ಹೋಗಿ ನಿಯಮದ ಪುಸ್ತಕ ತಂದರು. ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು, ನಾವು ನಿಂತೇ ಇದ್ದೆವು. "ಸೂಜಿ ಯಾವತ್ತು ಹಾಕ್ಬೇಕು ಅಂತ ಇದರಲ್ಲಿ ಇಲ್ಲ," ಎಂದರು ಕೊನೆಗೆ. ಪುಸ್ತಕ ಮುಚ್ಚಿ, "ಆದರೆ ಆ ಎರಡು ದಿನದಲ್ಲಿ ನಿಜವಾದ ಸೊಳ್ಳೆ ಕಚ್ಚಿದರೆ?" ಎಂದರು. ನನ್ನ ಪ್ರಕಾರ ಅದು ಇಡೀ ಊರಿನಲ್ಲಿ ಅಂದು ಯಾರಾದರೂ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ.

ಹೀಗೆ ಜೂನ್ ನಾಲ್ಕರಂದು ಮಣಿಕಟ್ಟೆಯ ಸಭಾಂಗಣದ ನಡುವೆ ಸೊಳ್ಳೆ ಪರದೆ ಕಟ್ಟಿ, ಒಳಗೆ ಚಾಪೆ ಹಾಸಿ, ಚೆಲುವಿಯನ್ನು ಕೂರಿಸಲಾಯಿತು. ಹತ್ತು ಗಂಟೆಗೆ ಅವಳ ಎಡಗೈಗೆ ರಸ ಹಾಕಿದೆ, ಬಲಗೈಗೆ ಬರಿಯ ಉಪ್ಪುನೀರು. ಸೂಜಿಯ ಗಾಯಕ್ಕೇ ಊದುವ ಮೈಯೋ ಎಂದು ತಿಳಿಯಲು ಅದು. ಮಣಿಯಿರುವ ಮೈ ಒಂದು ಹೋಲಿಕೆಗೆ ಬೇಕಲ್ಲವೇ ಎಂದು ನಾನು ಅಂದಾಗ ಕೆಂಪರಾಜಯ್ಯನವರು ಜುಬ್ಬದ ತೋಳು ಮಡಚಿ ಕೂತರು. ಅವರ ಕೈಗೂ ಹಾಕಿದೆ. ಆಮೇಲೆ ಅವರು ತಾವೇ ಪರದೆಯ ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು, ಮಡಿಲಲ್ಲಿ ಸೀಟಿ.

ಊರಿಗೆ ಅದು ಜಾತ್ರೆಯಾಯಿತು. ಮಣಿ ಕೊಡಲು, ಕೊಟ್ಟದ್ದನ್ನು ತೆಗೆದುಕೊಳ್ಳಲು, ಏನೂ ಇಲ್ಲದಿದ್ದರೆ ಚಕ್ಕುಲಿ ಕೊಡಲು ಜನ ಬಂದರು. ಪರದೆ ಎತ್ತುವಂತಿಲ್ಲವಾದ್ದರಿಂದ ಚಕ್ಕುಲಿಯನ್ನು ಚಾಪೆಯಡಿಯಿಂದ ತೂರಿಸಬೇಕಾಯಿತು. ಒಬ್ಬ ಮುದುಕಿ, ಇದು ಮದುವೆಯ ಶಾಸ್ತ್ರವೆಂದು ತಿಳಿದು, ಗಂಡು ಯಾರು ಎಂದು ಕೆಂಪರಾಜಯ್ಯನವರನ್ನೇ ಕೇಳಿದಳು. ಒಂದು ಸೊಳ್ಳೆ ಪರದೆಯ ಮೇಲೆ ಕೂತಾಗ ಅವರು ಸೀಟಿ ಊದಿದರು. ಅದು ಹಾರಿಹೋಯಿತೆಂದು ಚೆಲುವಿ ಇಂದಿಗೂ ಹೇಳುತ್ತಾಳೆ.

ಸಂಜೆ ನಾಲ್ಕಕ್ಕೆ ನೋಡಿದೆವು. ಕೆಂಪರಾಜಯ್ಯನವರ ಕೈಯಲ್ಲಿ ಅಡಕೆ ಗಾತ್ರದ ಗುಳ್ಳೆ. ಚೆಲುವಿಯ ಎರಡೂ ಕೈ ನುಣ್ಣಗೆ, ಒಂದಕ್ಕೊಂದು ವ್ಯತ್ಯಾಸವಿಲ್ಲ. ಹೀಗೇ ಆಗಬೇಕೆಂದು ನನಗೆ ಗೊತ್ತಿತ್ತು. ಆದರೂ ಒಂಬತ್ತು ವರ್ಷ ಇದೇ ಹೊತ್ತಿಗೆ 'ಇಲ್ಲ' ಎಂದು ಬರೆದ ನನ್ನ ಕೈ ತಾನಾಗಿ ಪೆನ್ನು ಹುಡುಕಿತು. ಎಂಟು ತಿಂಗಳ ಹೊಟ್ಟೆ ಹೊತ್ತು ಬಂದಿದ್ದ ನಾಗರತ್ನ ಪರದೆಗೆ ಮುಖವಿಟ್ಟು ತಂಗಿಯ ಕೈಯನ್ನೇ ನೋಡಿದಳು, ಗೋಡೆ ಹಿಡಿದು ಕೂತಳು. ಚೆಲುವಿ ಪರದೆಯೊಳಗಿನಿಂದ, "ಅಕ್ಕ, ಇದು ನಿಂಗೂ ಗೊತ್ತಿರೋ ಹಾಗೆ ನಿಧಾನದ ಕೈ. ಸ್ಕೂಲಿಗೂ ಹೀಗೇ ತಡವಾಗಿ ಹೋಗ್ತಿತ್ತು," ಎಂದಳು. ನಾಗರತ್ನ ನಕ್ಕಳು, ಆದರೆ ಎದ್ದು ಹೋಗಲಿಲ್ಲ.

ಐದನೆಯ ತಾರೀಕು ಬೆಳಿಗ್ಗೆ ಏನೂ ಇರಲಿಲ್ಲ. ಮಧ್ಯಾಹ್ನ ವೃತ್ತದೊಳಗೆ ಒಂದು ಮಸುಕು ಕೆಂಪು ಇದ್ದಂತೆ ಕಂಡಿತು, ಕಿಟಕಿಯ ಬೆಳಕಿಗೂ ಹಾಗೆ ಕಾಣಬಹುದಿತ್ತು. ಸಂಜೆ ಅದನ್ನು ನೋಡಬಾರದೆಂದು ನಾನು ಲ್ಯಾಬಿಗೆ ಹೋಗಿ, ತೊಳೆದ ಗಾಜಿನ ಕೊಳವೆಗಳನ್ನೇ ಮತ್ತೆ ತೊಳೆದೆ.

ಆರರಂದು ಬೆಳಿಗ್ಗೆ ಸಭಾಂಗಣ ತುಂಬಿತ್ತು. ಡಾಕ್ಟರ್ ನಫೀಸಾ ಮೊದಲ ಬಸ್ಸಿಗೇ ಬಂದಿದ್ದರು. ಹತ್ತು ಹೊಡೆಯುತ್ತಲೇ ಪರದೆ ಎತ್ತಿದೆ. ಕೆಂಪರಾಜಯ್ಯನವರ ಗುಳ್ಳೆ ಇಳಿದು ಬಣ್ಣ ಮಾತ್ರ ಉಳಿದಿತ್ತು. ಚೆಲುವಿಯ ಬಲಗೈ ನುಣ್ಣಗಿತ್ತು. ಎಡಗೈಯ ವೃತ್ತದೊಳಗೆ ಚರ್ಮ ಕೆಂಪಗೆ ಉಬ್ಬಿ, ನಾನೆಳೆದ ಗೆರೆಯನ್ನು ಒಂದು ಕಡೆ ದಾಟಿತ್ತು. ಅಡ್ಡಕ್ಕೆ ಅಳೆದೆ, ಉದ್ದಕ್ಕೆ ಅಳೆದೆ, ಸ್ಕೇಲು ತಿರುಗಿಸಿ ಇನ್ನೊಮ್ಮೆ ಅಳೆದೆ. ಹದಿನಾಲ್ಕು ಮಿಲಿಮೀಟರ್. ಡಾಕ್ಟರು ಅಳೆದರು, ಹದಿನಾಲ್ಕು. ಕೆಂಪರಾಜಯ್ಯನವರು ಚೆಲುವಿಯನ್ನು ಕೇಳಿ ಒಪ್ಪಿಗೆ ಪಡೆದು, ಬಣ್ಣ ನೋಡಿದರೆ ಮೋಸ ಹೋಗಬಹುದೆಂದು ಕಣ್ಣು ಮುಚ್ಚಿ ಒಂದೇ ಬೆರಳಿನಿಂದ ಮುಟ್ಟಿ ನೋಡಿದರು. ಬೆರಳು ಅಂಚಿಗೆ ಬಂದಾಗ ನಿಂತಿತು.

"ಕಡಲೆ ಹಾಗಿದೆ," ಎಂದರು. ನಂತರ ಕುರ್ಚಿಗೆ ಹೋಗಿ ಕೂತು, ಪುಸ್ತಕ ತೆರೆದು, ಪ್ರತಿ ವರ್ಷದ ಗಂಭೀರ ದನಿಯಲ್ಲಿ ಹೆಸರು ಕೂಗಿದರು. "ಚೆಲುವಾಂಬ. ಮಣಿ ಇದೆಯೇ?"

"ಇಲ್ಲ ಮೇಷ್ಟ್ರೆ," ಎಂದಳು ಚೆಲುವಿ. "ಕಡಲೆ ಇದೆ."

ಅವರು ಬರೆದದ್ದು ಇಷ್ಟು: ಮಣಿ ಇಲ್ಲ, ಗುಳ್ಳೆ ಇದೆ, ಮೂರನೆಯ ದಿನ, ಈಚೆ ಇರಬಹುದು. ಕೆಳಗೆ ಡಾಕ್ಟರರ ಸಹಿ, ನನ್ನ ಸಹಿ. ದೀಪ ಹಚ್ಚಲು ಇನ್ನೂ ಎಂಟು ಗಂಟೆ ಬಾಕಿಯಿತ್ತು. ಆಮೇಲೆ ಅವರು ಹಳೆಯ ಪುಟಗಳನ್ನು ತಿರುವಿ, ಚೆಲುವಿಯಂತೆ ಎಂದೂ ಮಣಿಯಿಲ್ಲದೆ 'ಇಲ್ಲ' ಎಂದು ಬರೆಸಿಕೊಂಡ ಇನ್ನಿಬ್ಬರ ಹೆಸರು ನನಗೆ ಕೊಟ್ಟರು. ಇಬ್ಬರನ್ನೂ ಮರುದಿನ ಆಚೆಮನೆಯಲ್ಲೇ ಪರದೆಯೊಳಗೆ ಕೂರಿಸಿದೆವು. ಒಬ್ಬರ ಕೈ ಮೂರನೆಯ ದಿನ ಎದ್ದಿತು, ಅವರು ವಾಪಸು ಬಂದರು. ಗಡಿಯಾರ ರಿಪೇರಿಯ ಚೌಡಪ್ಪನವರ ಕೈ ಮೂರನೆಯ ದಿನವೂ ನಾಲ್ಕನೆಯ ದಿನವೂ ಚಪ್ಪಟೆಯಾಗೇ ಇತ್ತು. ಅವರು ಅಲ್ಲೇ ಉಳಿದರು. ಚೆಲುವಿ ತನ್ನ ರೇಡಿಯೊ ಅವರಿಗೆ ಕಳಿಸಿ, ಯಾವ ಕಿಟಕಿಯ ಬಳಿ ಇಟ್ಟರೆ ಸ್ಟೇಷನ್ ಸ್ಪಷ್ಟವಾಗಿ ಸಿಗುತ್ತದೆಂದು ಚೀಟಿ ಬರೆದಳು. ದಿನಾ ಸಂಜೆ ಸೇತುವೆಯ ಈಚೆ ನಿಂತು ಅವರೊಂದಿಗೆ ಕೂಗಿ ಮಾತಾಡುವುದು ಈಗ ಅವಳ ಕೆಲಸಗಳಲ್ಲೊಂದು.

ಜೂನ್ ಎಂಟರಂದು, ಯಾರೂ ಕೇಳದಿದ್ದರೂ, ನಾನು ಒಂದು ಗುಲಾಬಿ ಬಾಟಲಿ ಹಿಡಿದು ಅವಳ ಅಂಗಡಿಗೆ ಹೋದೆ. ಒಂಬತ್ತು ವರ್ಷದ ಮೂರು ಮೂರು ತಿಂಗಳಿಗೆ ಏನು ಹೇಳಬೇಕೋ ಅದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬರೆದು ತಿದ್ದಿಕೊಂಡಿದ್ದೆ. ಎರಡು ವಾಕ್ಯ ಹೇಳುವಷ್ಟರಲ್ಲಿ ಅವಳು ತೋಳು ಮುಂದೆ ಚಾಚಿದಳು. "ಶೇಷಗಿರಿಯಣ್ಣ, ಆಮೇಲೆ ಹೇಳಿ. ಮೊದಲು ಹಚ್ಚಿ, ಕಡಿತ ತಡೆಯಕ್ಕಾಗ್ತಿಲ್ಲ." ಹಚ್ಚಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಅವಳು ಪೋಣಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು, ಆಗಲಿ ಅಂದಳು. ಅದಕ್ಕಿಂತ ಹೆಚ್ಚು ನಾನು ಬಯಸಿರಲಿಲ್ಲ.

ಜುಲೈ ಐದಕ್ಕೆ ನಾಗರತ್ನಳಿಗೆ ಹೆಣ್ಣುಮಗು ಹುಟ್ಟಿತು. ಹನ್ನೊಂದನೆಯ ದಿನ ನಾವೆಲ್ಲ ಅಂಗಳದಲ್ಲೇ ನಿಂತೆವು; ಒಳಗೆ ಹೋಗುವವರು ನಾಲಿಗೆ ಒರೆಸಿಕೊಂಡು, ಕೈ ತೊಳೆದು, ಇಬ್ಬಿಬ್ಬರಾಗಿ ಹೋಗಬೇಕೆಂದು ಬಾಗಿಲಲ್ಲಿ ಕೆಂಪರಾಜಯ್ಯನವರು ಸೀಟಿ ಹಿಡಿದು ನಿಂತಿದ್ದರು. ಕಿಟಕಿಯಿಂದ ನೋಡಿದೆ. ಚೆಲುವಿ ಮಾಸ್ಕ್ ಕಟ್ಟಿಕೊಂಡು ತೊಟ್ಟಿಲಿಗೆ ಬಗ್ಗಿದ್ದಳು. ಅವಳ ಕೊರಳಿನ ಬರಿದಾರ ಮುಂದಕ್ಕೆ ಜೋತುಬಿದ್ದಿತ್ತು, ಕೈಯಲ್ಲಿ ಮಗುವಿನ ಬರಿದಾರ. ಎಷ್ಟೋ ಸಾವಿರ ಗಂಟು ಹಾಕಿದವಳು ಆ ಒಂದು ಗಂಟಿಗೆ ಮೂರು ಸಲ ತಪ್ಪಿದಳು. ನಾಲ್ಕನೆಯ ಸಲ ಬಿಗಿದು, ಎಳೆದು ನೋಡಿ, ಅಕ್ಕನ ಕಡೆ ತಿರುಗಿದಳು. ನಾಗರತ್ನ ಆಗಲೇ ಅಳುತ್ತಿದ್ದಳು, ಜೊತೆಗೆ ಗಂಟು ಸೊಟ್ಟಗಿದೆ ಎಂದೂ ಹೇಳುತ್ತಿದ್ದಳು.

ಹೊರಡುವಾಗ ಚೆಲುವಿ ನನ್ನನ್ನು ಕೂಗಿ ನಿಲ್ಲಿಸಿದಳು. ಹತ್ತನೆಯ ಬಾಟಲಿಯನ್ನು ತೊಳೆದು ಒಣಗಿಸಿ ತಂದಿದ್ದಳು, ಜೂನ್ ಎಂಟರ ಚೀಟಿಯನ್ನು ನೀರಲ್ಲಿ ನೆನೆಸಿ ಕಿತ್ತಿದ್ದಳು. ಮಗುವಿನ ಮಣಿ ಬಂದರೆ ಪೋಣಿಸುವವರೆಗೆ ಇಡಲು ಬೇಕು, ಹೊಸ ಚೀಟಿ ಬರೆದುಕೊಡಿ ಅಂದಳು. ಜೇಬಿನಿಂದ ಪೆನ್ನು ತೆಗೆದು ಮಾಲಿನಿ ಎಂದು ಮಗುವಿನ ಹೆಸರು ಬರೆದೆ. ಅದರ ಕೆಳಗೆ ತಾರೀಕು ಎಂದು ಬರೆದು, ಮುಂದಿನ ಜಾಗವನ್ನು ನನ್ನ ಜೀವನದಲ್ಲಿ ಮೊದಲ ಸಲ ಖಾಲಿ ಬಿಟ್ಟೆ.